40 ಲಕ್ಷದ ಮಿತಿ ಎಲ್ಲಿ ಸೋರುತ್ತದೆ? ದಾವಣಗೆರೆ–ಚಿತ್ರದುರ್ಗದ ಲೆಕ್ಕ

ಮಂಡಕ್ಕಿ ಮಿರ್ಚಿ (ದಾವಣಗೆರೆ)
ವಿಧಾನಸಭೆಗೆ ನಿಂತವರು 40 ಲಕ್ಷ, ಲೋಕಸಭೆಗೆ ನಿಂತವರು 95 ಲಕ್ಷ ಖರ್ಚು ಮಾಡಬಹುದು. 2022ರ ಜನವರಿಯಿಂದ ಕರ್ನಾಟಕಕ್ಕೆ ಇದೇ ಮಿತಿ. ಬೆಣ್ಣೆದೋಸೆ ಹೋಟೆಲಿನಲ್ಲಿ ಕೂತು ಈ ಅಂಕಿ ಹೇಳಿದರೆ ಪಕ್ಕದ ಟೇಬಲ್ಲಿನವರೂ ತಿರುಗಿ ನಗ್ತಾರೆ. ನಗೋದು ಇದ್ದೇ ಇದೆ, ಲೆಕ್ಕ ತಿಳಿದವರು ಇಲ್ಲಿ ಇದ್ದೀರಿ ಅಂತ ಕೇಳ್ತಿದ್ದೀನಿ. ಈ 40 ಲಕ್ಷವನ್ನು ಯಾರು, ಯಾವ ದಿನದಿಂದ ಯಾವ ದಿನದವರೆಗೆ ಎಣಿಸ್ತಾರೆ? ಎಲ್ಲರೂ ಮಿತಿಯೊಳಗೇ ಲೆಕ್ಕ ಕೊಡೋದು ಹೇಗೆ? ಚೆಕ್‌ಪೋಸ್ಟಿನಲ್ಲಿ ಅಷ್ಟೊಂದು ಹಣ ಹಿಡಿದರೂ ಊರೊಳಗೆ ಹಂಚೋದು ನಿಲ್ಲೋದಿಲ್ಲ ಯಾಕೆ?

ನಿರ್ವಾಹಕ
ಯಾವ ಅಭ್ಯರ್ಥಿಯ ಹೆಸರೂ ಬೇಡ, "ನಮ್ಮೂರಲ್ಲಿ ಇಂಥವರು ಇಷ್ಟು ಕೊಟ್ರು" ಅನ್ನೋದೂ ಬೇಡ. ನಿಯಮ, ಲೆಕ್ಕ, ವಿಧಾನ ಅಷ್ಟೇ.

ಲೆಕ್ಕದ ಪುಸ್ತಕ (ದಾವಣಗೆರೆ)
ಮಿರ್ಚಿಯವರೇ, ಮೊದಲು ದಿನಗಳ ಲೆಕ್ಕ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 77ರ ಪ್ರಕಾರ ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶ ಘೋಷಣೆಯ ದಿನದವರೆಗೆ, ಎರಡೂ ದಿನ ಸೇರಿಸಿ, ಆದ ಖರ್ಚು ಮಾತ್ರ ಅಭ್ಯರ್ಥಿಯ ಲೆಕ್ಕಕ್ಕೆ ಬರುತ್ತದೆ. 2023ರಲ್ಲಿ ಚುನಾವಣೆ ಘೋಷಣೆ ಆಗಿದ್ದು ಮಾರ್ಚ್ 29ಕ್ಕೆ. ನಾಮಪತ್ರಕ್ಕೆ ಏಪ್ರಿಲ್ 13ರಿಂದ 20ರವರೆಗೆ ಅವಕಾಶ, ಮತದಾನ ಮೇ 10, ಎಣಿಕೆ ಮೇ 13. ಕೊನೆಯ ದಿನ ನಾಮಪತ್ರ ಕೊಟ್ಟವರಿಗೆ ಲೆಕ್ಕದ ಅವಧಿ 24 ದಿನ. ಅದಕ್ಕೂ ಹಿಂದಿನ ಒಂದು ವರ್ಷದಲ್ಲಿ ಹಂಚಿದ ಕುಕ್ಕರ್, ಕಟ್ಟಿಸಿದ ದೇವಸ್ಥಾನದ ಗೋಪುರ, ಮಾಡಿಸಿದ ಸಾಮೂಹಿಕ ಮದುವೆ, ಕ್ರಿಕೆಟ್ ಟೂರ್ನಮೆಂಟಿನ ಕಪ್ಪು, ಯಾವುದೂ ಈ 24 ದಿನದೊಳಗೆ ಬೀಳೋದಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬಾವುಟ, ಶಾಲು, ಕರಪತ್ರ ಮೊದಲೇ ತಂದಿಟ್ಟಿದ್ದೇವೆ, ಅವು ಲೆಕ್ಕಕ್ಕಿಲ್ಲ ಅಂತ ಕೆಲವು ಏಜೆಂಟರು ವಾದಿಸ್ತಾರೆ. ಯಾವತ್ತು ಕೊಂಡರೂ ನಾಮಪತ್ರದ ನಂತರ ಬಳಸಿದರೆ ಅದು ಲೆಕ್ಕಕ್ಕೆ ಸೇರುತ್ತದೆ. ನಾಮಪತ್ರ ಕೊಡಲು ಹೋದ ದಿನದ ಮೆರವಣಿಗೆಯೂ ಅಷ್ಟೇ, ಡೊಳ್ಳಿನವರ ಸಂಭಾವನೆ ಸಮೇತ.

ಇನ್ನು ಪುಸ್ತಕ. ಅಭ್ಯರ್ಥಿ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ಅದೂ ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು. ಸ್ವಂತ ದುಡ್ಡಾಗಲಿ ಪಕ್ಷ ಕೊಟ್ಟಿದ್ದಾಗಲಿ ಮೊದಲು ಆ ಖಾತೆಗೆ ಬಂದೇ ಹೊರಗೆ ಹೋಗಬೇಕು. ಒಬ್ಬ ವ್ಯಕ್ತಿಗೆ ಅಥವಾ ಅಂಗಡಿಗೆ ಇಡೀ ಚುನಾವಣೆಯಲ್ಲಿ ನಗದಾಗಿ 10,000 ದಾಟುವಂತಿಲ್ಲ, ಉಳಿದಿದ್ದು ಚೆಕ್ ಅಥವಾ ವರ್ಗಾವಣೆ. ಖರ್ಚಿನ ರಿಜಿಸ್ಟರಿಗೆ ಮೂರು ಭಾಗ: ಬಿಳಿ ಹಾಳೆ ದಿನದ ಲೆಕ್ಕಕ್ಕೆ, ಗುಲಾಬಿ ಹಾಳೆ ನಗದಿಗೆ, ಹಳದಿ ಹಾಳೆ ಬ್ಯಾಂಕಿಗೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಇದನ್ನು ವೆಚ್ಚ ವೀಕ್ಷಕರ ಮುಂದೆ ತಪಾಸಣೆಗೆ ಇಡಬೇಕು.

ಇತ್ತ ಅಧಿಕಾರಿಗಳ ಹತ್ತಿರ ಅದೇ ಅಭ್ಯರ್ಥಿಯ ಇನ್ನೊಂದು ಪುಸ್ತಕ ಬರೆಸಿಕೊಳ್ಳುತ್ತಾ ಹೋಗುತ್ತದೆ. ಅದನ್ನು ನೆರಳು ರಿಜಿಸ್ಟರ್ ಅನ್ನಬಹುದು. ವಿಡಿಯೋ ತಂಡ ಸಭೆಯನ್ನು ಚಿತ್ರೀಕರಿಸುತ್ತದೆ, ವೀಕ್ಷಣಾ ತಂಡ ಕುರ್ಚಿ, ಶಾಮಿಯಾನ, ಮೈಕು, ವಾಹನ ಎಣಿಸುತ್ತದೆ, ಜಿಲ್ಲಾ ಚುನಾವಣಾಧಿಕಾರಿ ನಿಗದಿ ಮಾಡಿದ ದರಪಟ್ಟಿಯಿಂದ ಗುಣಿಸುತ್ತದೆ. ಅಭ್ಯರ್ಥಿ ಕುರ್ಚಿ 600 ಅಂತ ಬರೆದು ವಿಡಿಯೋದಲ್ಲಿ 2,000 ಕಂಡರೆ 24 ಗಂಟೆಯೊಳಗೆ ನೋಟಿಸ್, ಉತ್ತರಕ್ಕೆ 48 ಗಂಟೆ. ದರಪಟ್ಟಿ ಮಾಡುವಾಗ ಪಕ್ಷದವರನ್ನೂ ಕರೆದು ಕೇಳ್ತಾರೆ. ಕುರ್ಚಿ ಬಾಡಿಗೆ ಎಷ್ಟು, ಇಡ್ಲಿ ಎಷ್ಟು ಅಂತ ಎಲ್ಲ ಪಕ್ಷದವರೂ ಒಂದೇ ದನಿಯಲ್ಲಿ ಕಡಿಮೆ ಹೇಳುವ ಅಪರೂಪದ ಸಭೆ ಅದು.

ಹೊಳೆದಂಡೆ (ಹರಿಹರ)
ಹಾಗಾದರೆ ಬಿಲ್ ಇರುವ ಖರ್ಚಿಗೆ ಮಾತ್ರ ಮಿತಿ ಅಂತಾಯ್ತು.

ಲೆಕ್ಕದ ಪುಸ್ತಕ
ಹೌದು ಸರ್. ಕಣ್ಣಿಗೆ ಕಾಣುವ ಖರ್ಚನ್ನು ಈ ವ್ಯವಸ್ಥೆ ಸುಮಾರಾಗಿ ಹಿಡಿಯುತ್ತದೆ. ರಸ್ತೆಯಲ್ಲಿ ಫ್ಲೆಕ್ಸು, ಬಂಟಿಂಗ್ಸು ಕಡಿಮೆಯಾಗಿದ್ದು ಇದರಿಂದಲೂ. ಅಲ್ಲಿ ಉಳಿದ ದುಡ್ಡು ಬಿಲ್ ಇಲ್ಲದ ಕಡೆ ಹರಿಯಿತು.

ಅಡಿಕೆ ಮಂಡಿ (ಭೀಮಸಮುದ್ರ ಕಡೆ)
ನೀವು ಪುಸ್ತಕದ ಮಾತಾಡ್ತೀರಿ, ಪೆಟ್ಟು ಬೀಳೋದು ಮಂಡಿಯವರಿಗೆ. ಚನ್ನಗಿರಿ, ಭೀಮಸಮುದ್ರದ ಅಡಿಕೆ ಇರಲಿ, ದಾವಣಗೆರೆಯ ಮೆಕ್ಕೆಜೋಳ, ಚಳ್ಳಕೆರೆಯ ಶೇಂಗಾ ಇರಲಿ, ರೈತನಿಗೆ ಎಷ್ಟೋ ಸಲ ಕೈಗೇ ದುಡ್ಡು ಕೊಡಬೇಕು. ಮಾರ್ಚ್‌ನಿಂದ ಮೇವರೆಗೆ ಮದುವೆ ಸೀಸನ್ ಬೇರೆ. 50,000 ದಾಟಿದರೆ ಹಿಡೀತಾರೆ ಅಂದ್ರೆ ವ್ಯಾಪಾರ ಮಾಡೋದು ಹೇಗ್ರಿ?

ಚಂದ್ರವಳ್ಳಿ (ಚಿತ್ರದುರ್ಗ)
ಮಂಡಿಯವರೇ, 50,000ದ ನಿಯಮವನ್ನು ಎಲ್ಲರೂ ಅರ್ಧ ಓದಿದ್ದಾರೆ. ಕೆಲವು ಚೆಕ್‌ಪೋಸ್ಟ್ ಸಿಬ್ಬಂದಿಯೂ ಅಷ್ಟೇ. ಚುನಾವಣಾ ಆಯೋಗದ ಕಾರ್ಯವಿಧಾನದಲ್ಲಿ ಇರುವುದು ಹೀಗೆ: ಅಭ್ಯರ್ಥಿ, ಅವರ ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತ ಇರುವ ವಾಹನದಲ್ಲಿ 50,000 ಮೀರಿದ ನಗದು, ಇಲ್ಲವೇ ಮತದಾರರ ಆಮಿಷಕ್ಕೆ ಬಳಸಬಹುದಾದ 10,000 ಮೀರಿದ ಬೆಲೆಯ ವಸ್ತು ಸಿಕ್ಕರೆ ವಶ. ಪಕ್ಷ, ಅಭ್ಯರ್ಥಿ ಅಥವಾ ಅಪರಾಧದ ನಂಟಿನ ಅನುಮಾನವೇ ಇಲ್ಲದ ವಾಹನದಲ್ಲಿ 10 ಲಕ್ಷಕ್ಕಿಂತ ಹೆಚ್ಚು ಸಿಕ್ಕರೂ ತನಿಖಾ ತಂಡ ತಾನೇ ವಶ ಮಾಡದೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು.

ಆದರೆ ರಸ್ತೆ ಮೇಲೆ ಆಗೋದೇ ಬೇರೆ. ನಂಟಿಲ್ಲ ಎಂದು ಬರೆದು ಬಿಟ್ಟ ಅಧಿಕಾರಿಗೆ ನಾಳೆ ಪ್ರಶ್ನೆ ಬರಬಹುದು, ಹಿಡಿದ ಅಧಿಕಾರಿಗೆ ಬರೋದಿಲ್ಲ. ಅದಕ್ಕೇ ಮೊದಲು ಹಿಡೀತಾರೆ. ಹಾಗಾಗಿ ಕಾಗದ ಜೊತೆಗಿರಲಿ: ಹಣ ತೆಗೆದ ಬ್ಯಾಂಕಿನ ಚೀಟಿ ಅಥವಾ ಪಾಸ್‌ಬುಕ್ ನಮೂದು, ಎಪಿಎಂಸಿ ಲೈಸೆನ್ಸಿನ ಪ್ರತಿ, ಆ ದಿನದ ಬಿಲ್ಲು, ಯಾರಿಗೆ ಎಷ್ಟು ಕೊಡಬೇಕೆಂಬ ಪಟ್ಟಿ, ಗುಮಾಸ್ತ ಒಯ್ಯುತ್ತಿದ್ದರೆ ಮಾಲೀಕರ ಸಹಿಯ ಪತ್ರ. ಮದುವೆಗಾದರೆ ಲಗ್ನಪತ್ರಿಕೆ, ಕಲ್ಯಾಣ ಮಂಟಪದ ಮುಂಗಡ ರಸೀದಿ.

ಹಿಡಿದರೆ ವಶಪಡಿಸಿಕೊಂಡ ರಸೀದಿ ಪಡೆಯದೆ ಜಾಗ ಬಿಡಬೇಡಿ. ಅದರಲ್ಲೇ ಮೇಲ್ಮನವಿ ಯಾರಿಗೆ ಎಂದು ಇರಬೇಕು. ಜಿಲ್ಲಾ ಮಟ್ಟದಲ್ಲಿ ಮೂವರ ಸಮಿತಿ ಇರುತ್ತದೆ: ಜಿಲ್ಲಾ ಪಂಚಾಯ್ತಿ ಸಿಇಒ, ವೆಚ್ಚ ನಿಗಾದ ನೋಡಲ್ ಅಧಿಕಾರಿ, ಜಿಲ್ಲಾ ಖಜಾನೆ ಅಧಿಕಾರಿ. ಎಫ್‌ಐಆರ್ ಇಲ್ಲದೆ, ಯಾವ ಅಭ್ಯರ್ಥಿಯ ನಂಟೂ ಇಲ್ಲದೆ ಇದ್ದರೆ ಹಣ ಬಿಡಲು ಈ ಸಮಿತಿ ಆದೇಶ ಮಾಡಬೇಕು. ಎಫ್‌ಐಆರ್ ಆಗದ ಹಣವನ್ನು ಮತದಾನ ಮುಗಿದು 7 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಷ್ಟು ದಿನ ಕಾಯಬೇಕಾಗಿಯೂ ಇಲ್ಲ, ಮರುದಿನವೇ ದಾಖಲೆ ಹಿಡಿದು ಹೋಗಿ.

ಅಡಿಕೆ ಮಂಡಿ
ಒಳ್ಳೇದಾಯ್ತು ಗುರುಗಳೇ. ಆದರೂ ಒಂದು ಮಾತು: ಹಿಡಿದ ಸುದ್ದಿ ಪೇಪರಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತೆ, ಬಿಟ್ಟ ಸುದ್ದಿ ಬರೋದೇ ಇಲ್ಲ.

ಹೊಳೆದಂಡೆ
ಇದು ಸರಿಯಾದ ಜಾಗಕ್ಕೆ ಬಂತು. 2018ರಲ್ಲಿ ರಾಜ್ಯದಲ್ಲಿ ವಶವಾದ ನಗದು, ಮದ್ಯ, ಉಡುಗೊರೆ ಎಲ್ಲದರ ಮೌಲ್ಯ ಸುಮಾರು 84 ಕೋಟಿ. 2023ರಲ್ಲಿ ಅದು 375 ಕೋಟಿ, ನಾಲ್ಕೂವರೆ ಪಟ್ಟು. ಇದನ್ನು ಕೇಳಿ ನಿಗಾ ಬಿಗಿಯಾಯ್ತು ಅನ್ನಬಹುದು, ಹರಿವು ಹೆಚ್ಚಾಯ್ತು ಅಂತಲೂ ಅನ್ನಬಹುದು. ಅಂಕಿಯೊಂದರಿಂದಲೇ ಎರಡರಲ್ಲಿ ಯಾವುದೆಂದು ತೀರ್ಮಾನಿಸಲು ಬರೋದಿಲ್ಲ.

ಚೆಕ್‌ಪೋಸ್ಟಿನಲ್ಲಿ ದೊಡ್ಡ ಗಂಟು ಯಾಕೆ ಸಿಗಲ್ಲ ಅನ್ನೋದಕ್ಕೆ ಒಂದು ಊಹೆಯ ಲೆಕ್ಕ ಹಾಕಿ. 2,10,000 ಮತದಾರರು, 240 ಬೂತುಗಳ ಕ್ಷೇತ್ರ ಅಂತಿಟ್ಟುಕೊಳ್ಳಿ. 40 ಲಕ್ಷವನ್ನು ಮತದಾರರಿಗೆ ಭಾಗಿಸಿದರೆ ತಲೆಗೆ 19 ರೂಪಾಯಿ. ಮತದಾನದ ದಿನ ಬೂತಿಗೆ ನಾಲ್ಕು ಜನ, ತಿಂಡಿ ಊಟಕ್ಕೆ ತಲಾ 150 ಅಂದರೆ ಅದೇ 1,44,000 ಆಯ್ತು. ಎಂಟು ಪ್ರಚಾರ ವಾಹನ, ಬಾಡಿಗೆ, ಡೀಸೆಲ್, ಚಾಲಕರ ಭತ್ಯೆ ಸೇರಿ ದಿನಕ್ಕೆ 4,500, ಇಪ್ಪತ್ತೆರಡು ದಿನ: 7,92,000. ಅಂದರೆ ನ್ಯಾಯವಾಗಿ ಓಡಾಡುವವರಿಗೂ 40 ಲಕ್ಷ ತೀರಾ ಜಾಸ್ತಿ ಏನಲ್ಲ.

ಈಗ ಅರ್ಧ ಮತದಾರರಿಗೆ ತಲಾ 500 ಹಂಚುತ್ತಾರೆ ಅಂದುಕೊಳ್ಳಿ. 5 ಕೋಟಿ 25 ಲಕ್ಷ, ಮಿತಿಯ ಹದಿಮೂರು ಪಟ್ಟು. ಐನೂರರ ನೋಟಿನಲ್ಲಿ 1,050 ಕಟ್ಟು. ಅಷ್ಟೂ ಒಂದೇ ಗಾಡಿಯಲ್ಲಿ ಹೋದರೆ ಹಿಡಿಯಬಹುದು. ಆದರೆ 240 ಬೂತಿಗೆ ಒಡೆದರೆ ಬೂತಿಗೆ 2 ಲಕ್ಷ 19 ಸಾವಿರ, ನಾಲ್ಕು ಕಟ್ಟು ಮತ್ತು ಮೇಲಿಷ್ಟು. ಊಟದ ಡಬ್ಬಿಯಲ್ಲಿ ಹಿಡಿಸುತ್ತೆ. ಅದೂ ರಸ್ತೆಗಿಳಿಯೋದು ಅಧಿಸೂಚನೆಗೆ ಮೊದಲು, ಚೆಕ್‌ಪೋಸ್ಟುಗಳು ಇನ್ನೂ ಕೂತಿರದ ಹೊತ್ತಿನಲ್ಲಿ. ಊರಲ್ಲಿ ನಂಬಿಕೆಯವರ ಮನೆಯಲ್ಲಿ ಇದ್ದು, ಬಹಿರಂಗ ಪ್ರಚಾರ ಮುಗಿದ ಮೇಲೆ, ಪತ್ರಿಕೆಯವರು ಕತ್ತಲ ರಾತ್ರಿ ಅಂತಾರಲ್ಲ ಆಗ, ಮತದಾರರ ಪಟ್ಟಿಗೆ ಟಿಕ್ ಹಾಕಿಕೊಂಡು ಮನೆ ಮನೆಗೆ ಹೋಗುತ್ತೆ. ಮೊಳಕಾಲ್ಮುರಿನ ರಾಯದುರ್ಗ ರಸ್ತೆಯಲ್ಲೋ ಹಿರಿಯೂರು ಹೆದ್ದಾರಿಯಲ್ಲೋ ಕೂತ ತಂಡಕ್ಕೆ ಆ ಹೊತ್ತಿನಲ್ಲಿ ಸಿಗೋದು ಮಂಡಿಯವರು, ಎಟಿಎಂ ವ್ಯಾನು, ಮದುವೆ ಮನೆಯವರು.

ಮಂಡಕ್ಕಿ ಮಿರ್ಚಿ
ಎರಡೂ ಕಡೆ ಇಸ್ಕೊಂಡು ತಮಗೆ ಬೇಕಾದವರಿಗೆ ಹಾಕ್ತಾರೆ ಅಂತಾರಲ್ಲ. ಹಾಗಿದ್ರೆ ಕೊಡೋದ್ಯಾಕೆ?

ಹೊಳೆದಂಡೆ
ನನಗನಿಸೋ ಮಟ್ಟಿಗೆ ಅದು ವೋಟಿನ ಬೆಲೆ ಅಲ್ಲ, ಕಣದಲ್ಲಿ ಇದ್ದೇನೆ ಅಂತ ತೋರಿಸುವ ಪ್ರವೇಶ ಶುಲ್ಕ. ಎದುರಾಳಿ ಕೊಟ್ಟು ಇವರು ಕೊಡದಿದ್ದರೆ "ಕೈ ಚೆಲ್ಲಿಬಿಟ್ಟರು" ಅಂತ ಸ್ವಂತ ಕಾರ್ಯಕರ್ತರೇ ಮನೆ ಸೇರುತ್ತಾರೆ. ಅದಕ್ಕೇ ಒಬ್ಬರು ನಿಲ್ಲಿಸಿದರೂ ನಿಲ್ಲೋದಿಲ್ಲ. ಇದರ ನಿಜವಾದ ಪರಿಣಾಮ ಮತದಾನದ ದಿನಕ್ಕಿಂತ ಮೊದಲೇ, ಟಿಕೆಟ್ ಹಂಚುವಾಗ ಆಗಿರುತ್ತೆ. "ಎಷ್ಟು ಹಾಕ್ತೀರಿ" ಅನ್ನೋದೇ ಮೊದಲ ಪ್ರಶ್ನೆ ಆದಾಗ ಮೇಷ್ಟ್ರು, ವಕೀಲರು, ಸಂಘಟನೆಯ ಹೆಣ್ಣುಮಕ್ಕಳು ಜರಡಿಯಲ್ಲೇ ಉದುರಿ ಹೋಗ್ತಾರೆ. 2023ರಲ್ಲಿ ಗೆದ್ದವರಲ್ಲಿ ನೂರಕ್ಕೆ 97 ಮಂದಿ ಕೋಟ್ಯಧಿಪತಿಗಳು ಅಂತ ಅವರವರ ಅಫಿಡವಿಟ್‌ಗಳನ್ನೇ ಕೂಡಿಸಿ, ಚುನಾವಣಾ ಸುಧಾರಣೆಗೆ ದುಡಿಯುವ ಸಂಸ್ಥೆ ಎಡಿಆರ್ ಲೆಕ್ಕ ಕೊಟ್ಟಿತ್ತು.

ಶೇಂಗಾ ಸಿಪ್ಪೆ (ಚಳ್ಳಕೆರೆ)
ಹಂಚೋದು ಕಣ್ಣೆದುರೇ ಕಂಡರೆ ಆಯೋಗದ ದೂರಿನ ಆ್ಯಪ್ ಸಿವಿಜಿಲ್‌ನಲ್ಲಿ ಹಾಕಬಹುದಲ್ವಾ? ಕೆಲಸ ಮಾಡುತ್ತಾ ಅದು?

ಚಂದ್ರವಳ್ಳಿ
ಮಾಡುತ್ತೆ, ಅದರ ರೀತಿಗೆ ತಕ್ಕಂತೆ ಬಳಸಿದರೆ. ಫೋಟೋ ಅಥವಾ ಎರಡು ನಿಮಿಷದೊಳಗಿನ ವಿಡಿಯೋವನ್ನು ಆ್ಯಪ್‌ನಿಂದಲೇ ತೆಗೆಯಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದು, ಗ್ಯಾಲರಿಯಲ್ಲಿ ಇರೋದು ನಡೆಯಲ್ಲ. ಲೊಕೇಶನ್ ಆನ್ ಇರಬೇಕು. ತೆಗೆದ ಐದು ನಿಮಿಷದೊಳಗೆ ಕಳಿಸಬೇಕು. ಆಮೇಲೆ ಜಿಲ್ಲಾ ಕಂಟ್ರೋಲ್ ರೂಮು ಐದು ನಿಮಿಷದಲ್ಲಿ ತಂಡಕ್ಕೆ ಒಪ್ಪಿಸಬೇಕು, ಫ್ಲೈಯಿಂಗ್ ಸ್ಕ್ವಾಡ್ 15 ನಿಮಿಷದಲ್ಲಿ ತಲುಪಿ 30 ನಿಮಿಷದಲ್ಲಿ ಪರಿಶೀಲಿಸಬೇಕು, ಚುನಾವಣಾಧಿಕಾರಿ 50 ನಿಮಿಷದಲ್ಲಿ ತೀರ್ಮಾನಿಸಬೇಕು. ಒಟ್ಟು 100 ನಿಮಿಷ. ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಆಮೇಲೆ ಅದು ಏನಾಯ್ತು ಅಂತ ನೋಡಲು ಬರಲ್ಲ. ಆ್ಯಪ್ ಬೇಡವಾದರೆ 1950ಕ್ಕೆ ಫೋನು.

ದೂರು ಬಿದ್ದು ಹೋಗೋದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ತಂಡ ಬರುವಷ್ಟರಲ್ಲಿ ಹಂಚಿ ಹೋಗಿರ್ತಾರೆ, ಅಥವಾ ವಿಡಿಯೋದಲ್ಲಿ ಜನರ ಬೆನ್ನು ಮಾತ್ರ ಕಾಣುತ್ತೆ. ಟೋಕನ್, ವಾಹನದ ನಂಬರು, ಅಂಗಡಿಯ ಬೋರ್ಡು ಫ್ರೇಮಿನೊಳಗೆ ಇದ್ದರೆ ತನಿಖೆಗೆ ಹಿಡಿ ಸಿಗುತ್ತೆ. ಈಗ ನೋಟಿಗಿಂತ ಟೋಕನ್ ವಾಸಿ ಅನ್ನೋ ಲೆಕ್ಕ ಇದೆ: ಚೀಟಿ ಕೊಡೋದು, ಸಾಮಾನು ಅಂಗಡಿಯಲ್ಲಿ, ಪೆಟ್ರೋಲು ಬಂಕಿನಲ್ಲಿ. ಸೀರೆ, ಕುಕ್ಕರ್ ಸಾಗಿಸುವಾಗ ಇ-ವೇ ಬಿಲ್ (ಜಿಎಸ್‌ಟಿಯ ಸಾಗಣೆ ಚೀಟಿ) ಕೇಳಬೇಕು, 50,000 ಮೀರಿದ ಸರಕಿಗೆ ಅದು ಕಡ್ಡಾಯ. (ಮೊಳಕಾಲ್ಮುರು ಸೀರೆ ಹಂಚ್ತಾರೆ ಅಂದುಕೊಂಡವರಿಗೆ: ಆ ರೇಷ್ಮೆಯ ದರಕ್ಕೆ ಯಾವ ಬಜೆಟ್ಟೂ ಸಾಲಲ್ಲ, ನಮ್ಮ ನೇಕಾರರಿಗೆ ಎಲೆಕ್ಷನ್‌ನಿಂದ ಆ ಲಾಭವೂ ಇಲ್ಲ.)

ಇನ್ನೊಂದು ದೊಡ್ಡ ತೊಡಕು ಕಾನೂನಿನಲ್ಲೇ ಇದೆ. ಮತಕ್ಕಾಗಿ ಲಂಚ, ಮೊದಲು ಐಪಿಸಿ 171ಇ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 173. ಕೊಟ್ಟವರೂ ಅಪರಾಧಿ, ತಗೊಂಡವರೂ ಅಪರಾಧಿ. ಗರಿಷ್ಠ ಒಂದು ವರ್ಷ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಬಾಡೂಟ, ಕುಡಿತದ ಸತ್ಕಾರವಷ್ಟೇ ಆದರೆ ದಂಡ ಮಾತ್ರ. ಜೊತೆಗೆ ಇದು ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ತಗೊಂಡವರೇ ಸಾಕ್ಷಿ ಹೇಳಬೇಕು, ಹೇಳಿದರೆ ತಾವೇ ಸಿಕ್ಕಿಕೊಳ್ತಾರೆ. ಇನ್ನು ಶಿಕ್ಷೆ ಎಲ್ಲಿಂದ ಆಗ್ಬೇಕು?

ಶೇಂಗಾ ಸಿಪ್ಪೆ
ಅಂದಮೇಲೆ ಈ ಮಿತಿಯನ್ನೇ ತೆಗೆದುಹಾಕಲಿ ಬಿಡ್ರಿ. ಎಲ್ಲರೂ ಸುಳ್ಳು ಲೆಕ್ಕ ಬರೆಯೋದಾದರೂ ತಪ್ಪುತ್ತೆ.

ಲೆಕ್ಕದ ಪುಸ್ತಕ
ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಮಿತಿ ಅಭ್ಯರ್ಥಿಗೆ ಇದೆ, ಪಕ್ಷಕ್ಕೆ ಇಲ್ಲ, ತೂತು ಇರೋದು ಅಲ್ಲಿ. ಇದರ ಚರಿತ್ರೆ ಸಣ್ಣದು. 1974ರಲ್ಲಿ ಕನ್ವರ್ ಲಾಲ್ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಪರವಾಗಿ ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕು ಅಂದಿತು. ಅದೇ ವರ್ಷ ಕಾಯ್ದೆಗೆ ವಿವರಣೆ ಸೇರಿಸಿ ಆ ತೀರ್ಪಿನ ಹಲ್ಲು ಕಿತ್ತರು. 2003ರ ತಿದ್ದುಪಡಿ ಆ ವಿವರಣೆಯನ್ನು ತೆಗೆದು, ತಾರಾ ಪ್ರಚಾರಕರ ಪ್ರಯಾಣ ವೆಚ್ಚಕ್ಕೆ ಮಾತ್ರ ವಿನಾಯಿತಿ ಉಳಿಸಿತು. ಮಾನ್ಯತೆ ಪಡೆದ ಪಕ್ಷಕ್ಕೆ 40 ತಾರಾ ಪ್ರಚಾರಕರು, ಉಳಿದ ನೋಂದಾಯಿತ ಪಕ್ಷಕ್ಕೆ 20. ಹೆಲಿಕಾಪ್ಟರಿನಲ್ಲಿ ಬಂದಿಳಿದಿದ್ದು ಪಕ್ಷದ ಖರ್ಚು. ವೇದಿಕೆಯ ಮೇಲೆ ಅಭ್ಯರ್ಥಿ ಜೊತೆಯಲ್ಲಿ ನಿಂತರೆ ಅಥವಾ ಅವರ ಹೆಸರು, ಫೋಟೋ ಅಲ್ಲಿದ್ದರೆ ಸಭೆಯ ಖರ್ಚು ಅಭ್ಯರ್ಥಿಗೆ, ಮೂವರು ನಿಂತರೆ ಮೂವರಿಗೆ ಹಂಚಿಕೆ. ಕೆಲವು ದೊಡ್ಡ ಸಭೆಗಳಲ್ಲಿ ಸ್ಥಳೀಯ ಅಭ್ಯರ್ಥಿಯೇ ವೇದಿಕೆ ಹತ್ತದೆ ಕೆಳಗೆ ಕೂತಿರೋದು ವಿನಯಕ್ಕಲ್ಲ.

ಪಕ್ಷ ಮಾತ್ರ ವಿಧಾನಸಭೆ ಮುಗಿದ 75 ದಿನ, ಲೋಕಸಭೆ ಮುಗಿದ 90 ದಿನದೊಳಗೆ ಖರ್ಚಿನ ಪಟ್ಟಿ ಕೊಟ್ಟರೆ ಸಾಕು. ಎಷ್ಟು ಬೇಕಾದರೂ ಇರಬಹುದು.

ಹೊಳೆದಂಡೆ
ಆ ಪಕ್ಷದ ದುಡ್ಡಿನ ಮೂಲವೂ ಕೊಂಚ ಕಾಲ ಮುಚ್ಚಿತ್ತು. ಕೊಟ್ಟವರ ಹೆಸರು ಹೊರಬರದಂತೆ ಪಕ್ಷಕ್ಕೆ ದೇಣಿಗೆ ಕೊಡುವ ಚುನಾವಣಾ ಬಾಂಡ್ 2018ರ ಜನವರಿಯಲ್ಲಿ ಬಂತು, ಎಸ್‌ಬಿಐ ಮಾತ್ರ ಮಾರುತ್ತಿತ್ತು, 1,000ದಿಂದ 1 ಕೋಟಿವರೆಗಿನ ಮುಖಬೆಲೆ, 15 ದಿನದ ಆಯುಷ್ಯ. ಸುಮಾರು 16,500 ಕೋಟಿಯ ಬಾಂಡುಗಳು ಮಾರಾಟವಾದವು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇಡೀ ಯೋಜನೆಯನ್ನು ರದ್ದು ಮಾಡಿತು. ಜೊತೆಗೆ ಕಂಪನಿಗಳ ದೇಣಿಗೆಗೆ ಇದ್ದ ಮಿತಿ, ಅಂದರೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 7.5, ಅದನ್ನು 2017ರಲ್ಲಿ ತೆಗೆದುಹಾಕಿದ್ದನ್ನೂ ರದ್ದು ಮಾಡಿತು. ಆದರೆ 20,000ದವರೆಗಿನ ದೇಣಿಗೆಯ ಹೆಸರು ಹೇಳಬೇಕಿಲ್ಲ ಅನ್ನೋದು ಹಾಗೇ ಇದೆ. ಒಂದು ದೊಡ್ಡ ದೇಣಿಗೆಯನ್ನು ಇಪ್ಪತ್ತು ಸಾವಿರದ ಚೂರುಗಳಾಗಿ ಬರೆದರೆ ಕೇಳೋರು ಯಾರು?

ತೂಬು (ಹೊಳಲ್ಕೆರೆ)
ಎಲ್ಲರೂ ಒಳಹರಿವಿನ ಮಾತೇ ಆಡಿದ್ರಿ. ಕೆರೆಗೆ ತೂಬೂ ಇರುತ್ತಲ್ಲ, ಗೆದ್ದ ಮೇಲೆ ಅದು ತೆರೆಯೋದು. ಮೇಲಿನ ಊಹೆಯ 5 ಕೋಟಿ 25 ಲಕ್ಷವನ್ನು ಐದು ವರ್ಷಕ್ಕೆ ಭಾಗಿಸಿ: ತಿಂಗಳಿಗೆ 8 ಲಕ್ಷ 75 ಸಾವಿರ, ಬಡ್ಡಿ ಬಿಟ್ಟು. ಶಾಸಕರ ಸಂಬಳ ಭತ್ಯೆಯಲ್ಲಿ ಇದು ಹುಟ್ಟೋದಿಲ್ಲ. ಹುಟ್ಟೋದು ಕಾಮಗಾರಿಯಲ್ಲಿ.

ದಾರಿಗಳು ಎಲ್ಲ ಕಡೆ ಒಂದೇ ಥರ. ಒಂದು, ಕೆಲಸವನ್ನು ಚೂರು ಮಾಡಿ ಟೆಂಡರ್ ಮಿತಿಯ ಕೆಳಗೆ ತರುವ ತುಂಡು ಗುತ್ತಿಗೆ. ಅದರ ಉಲ್ಟಾ, ಹತ್ತು ಸಣ್ಣ ರಸ್ತೆಗಳನ್ನು ಒಂದೇ ಪ್ಯಾಕೇಜು ಮಾಡಿ ಸಣ್ಣ ಗುತ್ತಿಗೆದಾರರು ಅರ್ಹರೇ ಆಗದ ಹಾಗೆ ನೋಡಿಕೊಳ್ಳೋದು. ಸರ್ಕಾರಿ ಕೆಲಸಕ್ಕೆ ಟೆಂಡರ್ ಕೇಳುವ 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಟೆಂಡರೇ ಇಲ್ಲದೆ ಏಜೆನ್ಸಿಗೆ ಕೊಡೋದು ಇನ್ನೊಂದು. ತುರ್ತು ಇಲ್ಲದಿದ್ದರೂ ಅಲ್ಪಾವಧಿ ಟೆಂಡರ್. ಕೊನೆಗೆ ಬಿಲ್ಲು: ಬಾಕಿ ಬಿಲ್ಲುಗಳ ಸಾಲಿನಲ್ಲಿ ಯಾರದ್ದು ಮುಂದೆ ಹೋಗುತ್ತೆ ಅನ್ನೋದು. ಗುತ್ತಿಗೆದಾರ ಕೊಟ್ಟ ಪರ್ಸೆಂಟೇಜನ್ನು ಕೈಯಿಂದ ಹಾಕೋದಿಲ್ಲ, ಡಾಂಬರಿನ ದಪ್ಪದಲ್ಲಿ, ಜಲ್ಲಿಯ ಅಳತೆಯಲ್ಲಿ, ಕಾಂಕ್ರೀಟಿನ ಸಿಮೆಂಟಿನಲ್ಲಿ ತೆಗೀತಾರೆ. ಮೊದಲ ಮಳೆಗೇ ಎದ್ದು ಹೋಗುವ ರಸ್ತೆ ಅಂದರೆ ಇದೇ.

ಹಿಡಿಯೋ ದಾರಿ ಕಾಗದದಲ್ಲಿದೆ. ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದಲ್ಲಿ ಅರ್ಜಿಗೆ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ. ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. "ಎಲ್ಲ ಕಾಮಗಾರಿಗಳ ವಿವರ" ಅಂತ ಕೇಳಿದರೆ ಹಿಂದಕ್ಕೆ ಬರುತ್ತೆ. ಒಂದು ರಸ್ತೆ ಹೆಸರಿಸಿ, ಅದರ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಅಂತಿಮ ಬಿಲ್ಲು, ಮೂರನೇ ವ್ಯಕ್ತಿಯ ಗುಣಮಟ್ಟ ವರದಿ, ಇಷ್ಟೇ ಕೇಳಿ. ಅಳತೆ ಪುಸ್ತಕದಲ್ಲಿ ಬರೆದ ಉದ್ದ, ಅಗಲವನ್ನು ಟೇಪು ಹಿಡಿದು ನೋಡಿದರೆ ಎಷ್ಟೋ ವಿಷಯ ಅಲ್ಲೇ ಗೊತ್ತಾಗುತ್ತೆ. ನಿರ್ವಹಣಾ ಅವಧಿ, ಅಂದರೆ ಗುತ್ತಿಗೆದಾರರೇ ರಿಪೇರಿ ಮಾಡಿಕೊಡಬೇಕಾದ ಅವಧಿ, ಮುಗಿಯೋ ಮೊದಲೇ ದೂರು ಕೊಡಿ. ಮುಗಿದ ಮೇಲೆ ರಿಪೇರಿಗೆ ಇನ್ನೊಂದು ಟೆಂಡರ್, ಇನ್ನೊಂದು ಪರ್ಸೆಂಟೇಜು.

ಶೇಂಗಾ ಸಿಪ್ಪೆ
ಗ್ರಾಮ ಪಂಚಾಯ್ತಿ ಎಲೆಕ್ಷನ್‌ಗೆ ಪಕ್ಷವೇ ಇಲ್ಲ, ಪಕ್ಷದ ಚಿಹ್ನೆಯೂ ಇಲ್ಲ. ಅಲ್ಲಾದರೂ ದುಡ್ಡು ಕಡಿಮೆ ಇರಬೇಕಲ್ವಾ?

ತೂಬು
ತಲೆಗೆ ಲೆಕ್ಕ ಹಾಕಿದರೆ ಅಲ್ಲೇ ಜಾಸ್ತಿ ಇದ್ದರೂ ಆಶ್ಚರ್ಯವಿಲ್ಲ ತಮ್ಮಾ. ಮತದಾರರು ಕೆಲವೇ ನೂರು, ಐದು ಹತ್ತು ವೋಟಿನಲ್ಲಿ ಸೋಲು ಗೆಲುವು. 2020ರ ಡಿಸೆಂಬರ್ ಚುನಾವಣೆಯಲ್ಲಿ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಕೂಗಿದ ಸುದ್ದಿ ಬಂದು ರಾಜ್ಯ ಚುನಾವಣಾ ಆಯೋಗ ಕ್ರಮಕ್ಕೆ ಸೂಚಿಸಬೇಕಾಯ್ತು. ದುಡ್ಡು ದೇವಸ್ಥಾನಕ್ಕೆ ತಾನೇ ಅನ್ನೋದು ಸಮಜಾಯಿಷಿ. ದೇವರ ಹೆಸರಿನಲ್ಲಿ ಉಳಿದವರ ಸ್ಪರ್ಧಿಸುವ ಹಕ್ಕು ಮಾರಿದ್ದು ಅದು. ನಾಮಪತ್ರ ಹಿಂತೆಗೆಯಲು ದುಡ್ಡು ಕೊಟ್ಟರೂ ಲಂಚವೇ.

ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಕತೆ ಇನ್ನೂ ಬೇರೆ. 2016ರಲ್ಲಿ ಆಯ್ಕೆಯಾದವರ ಅವಧಿ 2021ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸದಸ್ಯರು ಇಲ್ಲದಿದ್ದಾಗ ಅನುದಾನದ ಮೇಲಿನ ಹಿಡಿತ ಎತ್ತ ಸರಿಯುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಮಂಡಕ್ಕಿ ಮಿರ್ಚಿ
ಕೊನೇದಾಗಿ ಒಂದು. ನಮ್ಮ ಕ್ಷೇತ್ರದವರು ಕೊಟ್ಟ ಖರ್ಚಿನ ಲೆಕ್ಕ ಸಾಮಾನ್ಯರಿಗೆ ನೋಡಲು ಸಿಗುತ್ತಾ?

ಲೆಕ್ಕದ ಪುಸ್ತಕ
ಸಿಗುತ್ತೆ. ಫಲಿತಾಂಶದಿಂದ 30 ದಿನದೊಳಗೆ ಪ್ರತಿ ಅಭ್ಯರ್ಥಿಯೂ, ಠೇವಣಿ ಕಳೆದುಕೊಂಡವರೂ ಸೇರಿ, ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. 26ನೇ ದಿನ ಲೆಕ್ಕ ತಾಳೆ ನೋಡುವ ಸಭೆ ಇರುತ್ತೆ. ಕೊಡದಿದ್ದರೆ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 10ಎ ಪ್ರಕಾರ ಮೂರು ವರ್ಷ ಅನರ್ಹತೆ. ಇದರಲ್ಲಿ ಸಿಕ್ಕಿಬೀಳೋರು ಹೆಚ್ಚಾಗಿ ಸಣ್ಣ ಪಕ್ಷೇತರರು, ಖರ್ಚೇ ಇಲ್ಲವೆಂದು ಲೆಕ್ಕವನ್ನೇ ಕೊಡದವರು.

ದಾವಣಗೆರೆ ಆಗಲಿ ಚಿತ್ರದುರ್ಗ ಆಗಲಿ, ಡಿಸಿ ಕಚೇರಿಯ ಚುನಾವಣಾ ಶಾಖೆಗೆ ಹೋಗಿ. 1961ರ ಚುನಾವಣಾ ನಡವಳಿ ನಿಯಮಗಳ 88ನೇ ನಿಯಮದಲ್ಲಿ ಲೆಕ್ಕವನ್ನು ನೋಡಲು 1 ರೂಪಾಯಿ ಶುಲ್ಕ, ದೃಢೀಕೃತ ಪ್ರತಿಗೆ ಬೇರೆ ಶುಲ್ಕ. ನೋಡುವಾಗ ಒಟ್ಟು ಮೊತ್ತದ ಮೇಲೆ ಕಣ್ಣು ಇಡಬೇಡಿ, ಅದು ಯಾವಾಗಲೂ ಮಿತಿಯೊಳಗೇ ಇರುತ್ತೆ. ವಾಹನಗಳ ಅನುಮತಿ ಪತ್ರಗಳ ಸಂಖ್ಯೆಗೂ ಡೀಸೆಲ್ ಬಿಲ್ಲಿಗೂ ತಾಳೆ ಇದೆಯಾ, ಬೂತ್ ಏಜೆಂಟರ ಊಟದ ಖರ್ಚು ಬರೆದಿದ್ದಾರಾ, ಕರಪತ್ರದ ಮೇಲೆ ಅದೇ ಕಾಯ್ದೆಯ ಕಲಂ 127ಎ ಕೇಳುವ ಮುದ್ರಕರ ಹೆಸರು ವಿಳಾಸ ಇದ್ದು ಆ ಪ್ರೆಸ್ಸಿನ ಬಿಲ್ಲು ಪುಸ್ತಕದಲ್ಲಿ ಇದೆಯಾ, ಇಷ್ಟು ನೋಡಿ.

ತಕರಾರು ಇದ್ದರೆ ಕ್ಷೇತ್ರದ ಯಾವ ಮತದಾರರಾದರೂ ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ ಹಾಕಬಹುದು, ಠೇವಣಿ 2,000 ರೂಪಾಯಿ. ಲೆಕ್ಕ ಬರೋದು 30ನೇ ದಿನಕ್ಕೆ, ಕೈಯಲ್ಲಿ ಉಳಿಯೋದು 15 ದಿನ. ಪ್ರತಿ ಕೇಳುವ ಅರ್ಜಿಯನ್ನು ಅಲ್ಲಿಯವರೆಗೆ ಕಾಯದೆ ಮೊದಲೇ ಕೊಟ್ಟಿಡಿ.

ಅಡಿಕೆ ಮಂಡಿ
1 ರೂಪಾಯಿಯ ಚಿಲ್ಲರೆ ತಗೊಂಡೇ ಹೋಗ್ರಿ ಮಿರ್ಚಿಯವರೇ. 500ರ ನೋಟು ಕೊಟ್ಟರೆ ಚಿಲ್ಲರೆ ಇಲ್ಲ ಅಂತಾರೆ.